ಕಾಕಾ ಹೇಳಿದ್ದು ಮಳೆ, ನಾನು ಬರೆದದ್ದು ಒಣ ಹವೆ

ನಾನು ಸುಳ್ಳು ಹೇಳಿದ್ದೇನೆ. ಎರಡೇ ಶಬ್ದದ ಸುಳ್ಳು — "ಕಾಕಾನ ಹೇಳಿದ್ರು." ಹನ್ನೊಂದು ವರ್ಷದ ಹಿಂದೆ, ಹಾಡಹಗಲಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಊರ ಮಂದಿಯ ಎದುರಿಗೆ ಹೇಳಿದೆ. ಯಾರೂ ಹೇಳಿಸಲಿಲ್ಲ. ಯಾರಿಗೂ ಹೆದರಿ ಹೇಳಿದ್ದಲ್ಲ ಎಂದು ಬರೆಯಹೊರಟೆ — ಅದೂ ಸುಳ್ಳಾಗುತ್ತದೆ. ಹೆದರಿದ್ದೆ. ಆದರೆ ಆ ಹೆದರಿಕೆ ಒಂದು ತಾಸಿನದು. ಆಮೇಲಿನ ಹನ್ನೊಂದು ವರ್ಷಕ್ಕೆ ಹೆದರಿಕೆ ಎಂಬ ಹೆಸರು ಹೊಂದುವುದಿಲ್ಲ.

ನಾನು ಯಾರೆಂದು ಮೊದಲು ಹೇಳುತ್ತೇನೆ. ಹತ್ತರಗಿಯ ಹೈವೇ ಬಿಟ್ಟು ಒಳಗೆ ಬಂದರೆ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ಗುಮಾಸ್ತೆ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ಮುಚ್ಚಳ ತೆಗೆದು, ಒಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ದಪ್ಪ ರಿಜಿಸ್ಟರಿನಲ್ಲಿ ಬರೆದು, ಹುಕ್ಕೇರಿಯ ತಾಲೂಕು ಕಚೇರಿಗೆ ಫೋನು ಮಾಡಿ ತಿಳಿಸಬೇಕು. ಮೊದಲಿನ ಗುಮಾಸ್ತರು ಈ ಕೆಲಸವನ್ನು ಬಯ್ದುಕೊಂಡು ಮಾಡುತ್ತಿದ್ದರಂತೆ. ನನಗೆ ಮಾತ್ರ ಹಿಡಿಸಿತು. ಮನೆಯಲ್ಲಿ ಹಾಲು ಉಕ್ಕಿದ ದಿನ, ಉಪ್ಪಿನಕಾಯಿ ಹಾಕಿದ ದಿನ ಎಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹೆಂಗಸು ನಾನು. ಮಳೆಯನ್ನು ಬಿಡುತ್ತೇನೆಯೇ?

ಬರೆಯುತ್ತ ಬರೆಯುತ್ತ ನಮ್ಮ ಕಡೆಯ ಮಳೆಯ ಚೇಷ್ಟೆಗಳು ಒಂದೊಂದಾಗಿ ತಿಳಿದವು. ಹೈವೇಯ ಈ ಬದಿಗೆ ನೆಲ ಹಸಿ, ಆ ಬದಿಗೆ ಧೂಳು — ಇದನ್ನು ಎಷ್ಟೋ ಸಲ ನೋಡಿದ್ದೇನೆ. ಹುಕ್ಕೇರಿಯ ಪಡುವಣ ಹಳ್ಳಿಗಳು ತೊಯ್ದು ತೊಪ್ಪೆಯಾಗಿರುತ್ತವೆ. ಅದೇ ಮೋಡ ಗೋಕಾಕ ದಾಟುವ ಹೊತ್ತಿಗೆ ಹಗುರಾಗಿ, ಮೂಡಲಗಿ ಮುಟ್ಟುವಾಗ ಬರೀ ನೆರಳಾಗಿರುತ್ತದೆ. ಗೋಕಾಕದಲ್ಲಿ ಒಂದು ಹನಿ ಬಿದ್ದಿರುವುದಿಲ್ಲ, ಆದರೆ ಫಾಲ್ಸಿನಲ್ಲಿ ಕೆಂಪು ನೀರು ಧುಮ್ಮಿಕ್ಕುತ್ತಿರುತ್ತದೆ. ಎಲ್ಲೋ ಘಟ್ಟದಲ್ಲಿ ಹೊಯ್ದದ್ದು ಇಲ್ಲಿ ಬಂದು ಸದ್ದು ಮಾಡುತ್ತದೆ. ಆರಿದ್ರಾ ಮಳೆ ಕೈಕೊಟ್ಟ ವರ್ಷ ಕಾರ್ತಿಕದಲ್ಲಿ, ಯಾರೂ ಕರೆಯದ ಹೊತ್ತಿನಲ್ಲಿ, ಕಡಲ ಕಡೆಯಿಂದ ಮೋಡ ಬಂದು ಎರಡು ದಿನ ಬಿಡದೆ ಸುರಿಯುತ್ತದೆ. ಆ ಕಾರ್ತಿಕದ ಮಳೆಗೆ ಚಳಿಗಾಳಿ ಜೊತೆಗಿರುತ್ತದೆ. ನಾನು ಹೇಳಬೇಕಾದದ್ದು ಅಂಥ ಒಂದು ಮಳೆಯ ಮಾತನ್ನೇ.

ನನ್ನ ರಿಜಿಸ್ಟರು ಆಗಿ ಹೋದ ಮಳೆಯನ್ನು ಹೇಳುತ್ತಿತ್ತು. ಬರುವ ಮಳೆಯನ್ನು ಹೇಳುತ್ತಿದ್ದವರು ಲಕ್ಕಪ್ಪ ಕಾಕಾ.

ಕುರಿ ಕಾಯುವ ಮನೆತನ. ದಿನಾ ಮುಂಜಾನೆ ಶಾಲೆಯ ಬೇಲಿಯ ಗುಂಟ ಕುರಿ ಹೊಡೆದುಕೊಂಡು ಹೋಗುವರು. ನಾನು ಗಾಜು ಹಿಡಿದು ನಿಂತಾಗ ಬೇಲಿಯ ಆಚೆಯಿಂದ ನೋಡಿ ನಗುವರು. "ಯವ್ವಾ, ನೀ ನಿನ್ನೀದು ಅಳ್ಯಾಕತ್ತಿ. ನಿನ್ನೀದು ಯಾರಿಗೆ ಬೇಕಾಗೈತಿ?"

ಹೀಗೆ ಶುರುವಾಯಿತು. ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು — ಮುಗಿಲು ಓದುವವನು ತನ್ನ ಮಾತನ್ನು ಕುರಿ ಇದ್ದ ಮನೆಯವರಿಗೆ ಹೇಳಬಾರದು. ತನ್ನ ಹೆಂಡತಿ ಮಕ್ಕಳಿಗೂ ಹೇಳಬಾರದು. ಕುರಿ ಇಲ್ಲದ ಒಬ್ಬರ ಕಿವಿಗೆ ಹೇಳಬೇಕು, ಅವರು ಊರಿಗೆಲ್ಲ ಒಮ್ಮೆಗೇ ಹೇಳಬೇಕು. "ನನ್ನ ಕುರಿ ಸಲುವಾಗಿ ನಾನ ಮುಗಲ ನೋಡಿದ್ನೆಂದ್ರ, ನನಗ ಬೇಕಾದ್ದ ಕಾಣತೈತಿ ಯವ್ವಾ," ಎನ್ನುತ್ತಿದ್ದರು. "ಮತ್ತ ಒಬ್ಬಾಂವಗ ಮೊದಲ ಗೊತ್ತಾತು, ಇನ್ನೊಬ್ಬಾಂವಗ ಆಮ್ಯಾಲ ಗೊತ್ತಾತು ಅಂದ್ರ ಊರಾಗ ಜಗಳ." ಅವರ ತಂದೆಯ ಕಾಲದಲ್ಲಿ ಆ ಕಿವಿ ಒಬ್ಬ ಬಡಿಗರದಾಗಿತ್ತಂತೆ. ಆ ಬಡಿಗರು ತೀರಿಕೊಂಡ ಮೇಲೆ ಕಾಕಾ ಬಹಳ ದಿನ ಸುಮ್ಮನಿದ್ದರಂತೆ. ಆಮೇಲೆ ನನ್ನನ್ನು ಆರಿಸಿದರು. ನನ್ನ ಮನೆಯಲ್ಲಿ ಒಂದು ಕೋಳಿಯೂ ಇರಲಿಲ್ಲ.

ಬಸ್ ನಿಲ್ಲುವಲ್ಲಿ ನಾನು ಶಾಲೆಯ ಹಳೆಯ ಕರಿ ಹಲಗೆಯೊಂದನ್ನು ತೂಗುಹಾಕಿದೆ. ಮೊಬೈಲಿನಲ್ಲಿ ಬರುತ್ತಿದ್ದ ಮುನ್ಸೂಚನೆಯನ್ನೂ ಕಾಕಾನ ಮಾತನ್ನೂ ಕೂಡಿಸಿ ದಿನಾ ಎರಡು ಸಾಲು ಬರೆಯುತ್ತಿದ್ದೆ. ಎರಡೂ ಬೇರೆಯಾದ ದಿನ ಕಾಕಾನ ಮಾತನ್ನೇ ಬರೆಯುತ್ತಿದ್ದೆ. ಮೊಬೈಲು ಇಡೀ ಜಿಲ್ಲೆಗೆ ಒಂದೇ ಮಾತು ಹೇಳುತ್ತದೆ. ಕಾಕಾ ನಮ್ಮ ಹಳ್ಳದ ಈಚೆಗಿನ ಮಾತು ಹೇಳುತ್ತಿದ್ದರು. ಕುರಿಯ ಉಣ್ಣೆಯೊಳಗೆ ಬೆರಳು ಹೊಗಿಸಿ ತಿಕ್ಕಿ ನೋಡುವರು — ಜಿಗಿ ಹಿಡಿದಿದ್ದರೆ ಒಂದು ಅರ್ಥ, ಗರಿಗರಿ ಎಂದರೆ ಇನ್ನೊಂದು. ಹೈವೇಯ ಲಾರಿಗಳ ಸದ್ದು ಊರೊಳಗೆ ಎಷ್ಟು ಹತ್ತಿರ ಕೇಳುತ್ತದೆ ಎಂದು ಕಿವಿಗೊಡುವರು. ಕುರಿಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆಯೋ ಹರಡಿ ಮಲಗಿವೆಯೋ ನೋಡುವರು.

ಹಲಗೆ ಹೆಸರಾಯಿತು. ಬೇರೆ ಊರಿನವರೂ ಬಸ್ಸಿನ ಕಿಟಕಿಯಿಂದ ಓದಿಕೊಂಡು ಹೋಗತೊಡಗಿದರು. ಫೋನಿನಲ್ಲಿ ಗೋಕಾಕ, ಮೂಡಲಗಿಯವರೆಲ್ಲ ಸೇರಿದ ಒಂದು ಗುಂಪಾಯಿತು. "ಹವಾಮಾನದ ಅಕ್ಕಾರು" ಎಂದರು. ಹುಕ್ಕೇರಿಯ ಒಂದು ಸಮಾರಂಭದಲ್ಲಿ ಶಾಲು ಹೊದಿಸಿ ಮಾತಾಡಿರಿ ಎಂದರು. ಮಾತಾಡಿದೆ. ಅಳತೆ, ಶಿಸ್ತು, ವಿಜ್ಞಾನ, ಹತ್ತು ವರ್ಷದ ದಾಖಲೆ — ಎಲ್ಲ ಹೇಳಿದೆ. ಲಕ್ಕಪ್ಪ ಎಂಬ ಹೆಸರು ಹೇಳಲಿಲ್ಲ.

ಮರೆತೆ ಎನ್ನಲಾರೆ. ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು.

ಶಾಲೆಗೆ ಬಂದರೆ ವಿಜ್ಞಾನದ ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ನಗೆಯಾಡಿದರು. "ಏನ್ರಿ ಅಕ್ಕಾರ, ಶಾಲು ನಿಮಗ ಹಾಕಿದ್ರೋ, ಕುರಿಗೆ ಹಾಕಿದ್ರೋ? ಆ ಶಾಲಿನ ಉಣ್ಣಿನೂ ಲಕ್ಕಪ್ಪಂದ ಇದ್ದೀತು ನೋಡ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಮುರಿದು ಉಳಿಯಿತು. ಒಂದು ಸಲವಾದರೂ — ಒಂದೇ ಸಲ — ಕಾಕಾ ಇಲ್ಲದೆ ನಾನೇ ಹೇಳಬೇಕು, ಅದು ಖರೆ ಆಗಬೇಕು ಎಂದು...

ಆ ಒಂದು ಸಲ ಬಂತು. ದೀಪಾವಳಿ ಮುಗಿದಿತ್ತು. ಉಣ್ಣೆ ಕತ್ತರಿಸುವ ಕಾಲ. ನಮ್ಮಲ್ಲಿ ಒಬ್ಬರ ಕುರಿಗೆ ಎಲ್ಲರೂ ಕೈ ಹಚ್ಚುತ್ತಾರೆ. ಹಳ್ಳದಲ್ಲಿ ಕುರಿ ತೊಳೆದು, ಒಂದು ದಿನ ಬಿಸಿಲಿಗೆ ಆರಿಸಿ, ಮರುದಿನ ಸಾಲಾಗಿ ಕೂತು ಕತ್ತರಿ ಹಿಡಿಯುತ್ತಾರೆ. ಕತ್ತರಿಸಿದ ಮೇಲೆ ನಾಲ್ಕು ದಿನ ಕುರಿಯ ಮೈ ಬರೀ ಚರ್ಮ. ಆಗ ಚಳಿಮಳೆ ಹಿಡಿದರೆ ಅದು ತಡೆಯುವುದಿಲ್ಲ. ಇದು ಊರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು.

ಆ ಮುಂಜಾನೆ ಕಾಕಾ ಬೇಲಿಯ ಹತ್ತಿರ ನಿಂತು ಒಂದು ಕುರಿಯ ಬೆನ್ನೊಳಗೆ ಬೆರಳಿಟ್ಟು ಬಹಳ ಹೊತ್ತು ತಿಕ್ಕಿದರು. ಆಮೇಲೆ ಹೇಳಿದರು. "ಯವ್ವಾ, ನಾಡದ ಮುಂಜಾನಿ ಅನ್ನೂದ್ರಾಗ ಹಿಡಿತೈತಿ ನೋಡ. ಹಂಗ ಬಂದು ಹಿಂಗ ಹೋಗೂ ಮಳಿ ಅಲ್ಲ ಇದು. ಕತ್ತರಿ ಮುಟ್ಟಬ್ಯಾಡ್ರಿ ಅಂತ ಬರಿ. ನಾ ಕಣಗಲಾಕ್ಕ ಹೊಂಟೇನಿ, ತಂಗಿ ಮನ್ಯಾಗ ಹೆಣ್ಣ ನೋಡೂ ಕಾರ್ಯ ಐತಿ, ಮೂರ ದಿನ ಬರೂದಿಲ್ಲ. ಮಾಳಪ್ಪಗ ಹೇಳೇನಿ, ಅಕ್ಕಾರ ಬೋರ್ಡ ನೋಡಿ ಕತ್ತರಿ ಹಿಡಿ ಅಂತ."

ಮಾಳಪ್ಪ ಅವರ ಅಣ್ಣನ ಮಗ. ಕಾಕಾನ ಕುರಿ, ಅವನ ಕುರಿ ಒಂದೇ ದಡ್ಡಿಯಲ್ಲಿ, ಒಂದೇ ಬೇಲಿಯ ಒಳಗೆ ಮಲಗುತ್ತಿದ್ದವು.

ನಾನು ರಿಜಿಸ್ಟರಿನ ಕೊನೆಯ ಅಂಕಣದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ನಾಡಿದ್ದು ಮಳೆ, ಲಕ್ಕಪ್ಪ. ಕಾಕಾ ಬಸ್ಸು ಹತ್ತಿದರು. ಫೋನು ತೆಗೆದು ನೋಡಿದೆ — ಅಲ್ಲಲ್ಲಿ ಮೋಡ, ಒಣ ಹವೆ ಎಂದಿತ್ತು. ಮೇಲೆ ನೋಡಿದೆ. ತೊಳೆದಿಟ್ಟ ಪಾತ್ರೆಯ ಹಾಗೆ ಮುಗಿಲು. ರಬ್ಬರಿನಿಂದ ಪೆನ್ಸಿಲನ್ನು ಅಳಿಸಿದೆ. ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ದಪ್ಪಗೆ ಬರೆದೆ: ಮುಂದಿನ ನಾಲ್ಕು ದಿನ ಒಣ ಹವೆ.

ಮಾಳಪ್ಪ ಸಂತೆಯಿಂದ ಬಂದು ಬಸ್ಸಿಳಿದವನು ಅದನ್ನು ಓದಿ ಕೂಗಿದ್ದು ನನ್ನ ಮನೆಗೆ ಕೇಳಿತು. "ಏ, ಕುರಿ ತೊಳದದ್ದ ಆಗೈತಿ, ನಾಳೀನ ಕತ್ತರಿ ಹಿಡದ ಬಿಡೂನ್ರೆಪಾ!"

ಮರುದಿನ ಕತ್ತರಿಸಿದರು. ನಾನೂ ನೋಡಲು ಹೋಗಿದ್ದೆ. ಕಾಕಾನ ಹೆಂಡತಿ ಕಲ್ಲವ್ವ ಎಲ್ಲರಿಗೂ ರೊಟ್ಟಿ, ಝುಣಕ ಕೊಡುತ್ತಿದ್ದಳು. ನನಗೂ ಎರಡು ರೊಟ್ಟಿ ಹಾಕಿ, "ತಿನ್ರಿ ಅಕ್ಕಾರ, ನಿಮ್ಮ ಬೋರ್ಡಿನ ಪುಣ್ಯಾ, ಇವತ್ತ ಬಿಸಲ ಎಷ್ಟ ಚೊಲೊ ಬಿದ್ದೈತಿ," ಎಂದಳು. ತಿಂದೆ. ಹೊಸದಾಗಿ ಕತ್ತರಿಸಿಕೊಂಡ ಕುರಿಗಳು ಬೆಳ್ಳಗೆ, ಸಣ್ಣಗೆ, ಯಾರದೋ ಮಕ್ಕಳ ಹಾಗೆ ಬಿಸಿಲಲ್ಲಿ ಜಿಗಿಯುತ್ತಿದ್ದವು. ಮುಗಿಲು ಇನ್ನೂ ತಿಳಿಯಾಗಿತ್ತು. ಗೆದ್ದೆ ಎಂದುಕೊಂಡೆ. ಹೌದು, ಆ ಮಾತನ್ನೇ ಅಂದುಕೊಂಡೆ.

ನಸುಕಿನಲ್ಲಿ ಗಾಳಿ ತಿರುಗಿತು. ಎಂಟೂವರೆಗೆ ನಾನು ಕೊಡೆ ಹಿಡಿದು ಮಾಪಕದ ಮುಂದೆ ನಿಂತಾಗ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಆ ದಿನ, ಮರುದಿನ, ಎಡೆಬಿಡದೆ ಹೊಯ್ದಿತು. ಕಂಬಳಿ, ಗೋಣಿಚೀಲ, ತಾಡಪತ್ರಿ, ಮನೆಯೊಳಗಿನ ಕೌದಿ — ಇದ್ದುದನ್ನೆಲ್ಲ ಹೊದಿಸಿದರು. ಹೆಂಗಸರು ಮರಿಗಳನ್ನು ಒಲೆಯ ಹತ್ತಿರ ತಂದು ಕೂಡಿಸಿಕೊಂಡರು. ಆದರೂ ಆ ದಡ್ಡಿಯಲ್ಲಿ ಹದಿನೇಳು ಕುರಿ ಸತ್ತವು. ಬೇರೆ ದಡ್ಡಿಗಳಲ್ಲಿಯೂ ಸತ್ತವು. ಕಲ್ಲವ್ವ ಕೈಯಲ್ಲಿ ಹಾಲೂಡಿಸಿ ಬೆಳೆಸಿದ ಒಂದು ಹೆಣ್ಣು ಕುರಿ ಇತ್ತು, ಅವಳ ಹಿಂದೆ ಅಡಿಗೆ ಮನೆಗೂ ಬರುತ್ತಿತ್ತು. ಅದೂ.

ಮಳೆ ನಿಂತ ದಿನ ಕಾಕಾ ಬಂದರು. ಆ ಮಧ್ಯಾಹ್ನವೇ ಗುಡಿಯ ಕಟ್ಟೆಗೆ ನನ್ನನ್ನು ಕರೆಸಿದರು. ಮಂದಿಯ ಕಣ್ಣು ಕೆಂಪಾಗಿತ್ತು. ಮಾಳಪ್ಪ ಎದ್ದು ನಿಂತು ಕೇಳಿದ. "ಅಕ್ಕಾರ, ಒಂದ ಮಾತ ಹೇಳ್ರಿ. ಬೋರ್ಡಿನ ಮ್ಯಾಲ ಬರದದ್ದು ಕಾಕಾನ ಮಾತೋ, ನಿಮ್ಮ ಮಾತೋ?"

ಎಷ್ಟು ಸರಳ ಪ್ರಶ್ನೆ! ನನ್ನ ಮಾತು ಎಂದಿದ್ದರೆ ಬಯ್ಯುತ್ತಿದ್ದರು. ಹಲಗೆ ಒಡೆಯುತ್ತಿದ್ದರೇನೋ. ಶಾಲು ಹೋಗುತ್ತಿತ್ತು, ಹೆಸರು ಹೋಗುತ್ತಿತ್ತು. ಜೀವವೇನೂ ಹೋಗುತ್ತಿರಲಿಲ್ಲ.

"ಕಾಕಾನ ಹೇಳಿದ್ರು," ಅಂದೆ.

ಕಾಕಾ ಕಂಬಕ್ಕೆ ಒರಗಿ ಕೂತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ, ಬೆರಗು ಇತ್ತು — ಸಾಕಿದ ನಾಯಿ ಕಚ್ಚಿದಾಗ ನೋವಿಗಿಂತ ಮೊದಲು ಬರುತ್ತದಲ್ಲ, ಅದು. ಅವರು ಏನಾದರೂ ಅನ್ನುತ್ತಾರೆಂದು ಕಾದೆ. ಅಂದರು.

"ಹೌದ್ರೆಪಾ. ನಾನ ಹೇಳೇನಿ. ಆ ಹೆಣ್ಮಗಳನ್ನ ಬಿಡ್ರಿ."

ಅಲ್ಲಿಗೆ ಮುಗಿಯಿತು. ಮಂದಿ ಎದ್ದು ಹೋದರು. ಮಾಳಪ್ಪ ಕಾಕಾನ ಹತ್ತಿರ ಬಂದು, "ವಯಸ್ಸಾತು ನಿನಗ. ಕಣ್ಣ ಮುಚ್ಚಿಕೊಂಡ ಮನ್ಯಾಗ ಕುಂಡರಬೇಕಿತ್ತ," ಎಂದು ಹೋದ. ನಾನು ಸೆರಗು ಸರಿಮಾಡಿಕೊಂಡು ಮನೆಗೆ ಬಂದೆ. ಬಂದು ಬೇಳೆ ಬೇಯಿಸಿದೆ. ಇದನ್ನೂ ಬರೆಯಬೇಕು — ಅವತ್ತು ನನಗೆ ಊಟ ಸೇರಿತು.

ಆಮೇಲೆ ಕಾಕಾ ಶಾಲೆಯ ಬೇಲಿಯ ದಾರಿ ಬಿಟ್ಟರು. ಕೆಲವು ತಿಂಗಳಲ್ಲಿ ಕುರಿಯನ್ನೇ ಮಾಳಪ್ಪ ನೋಡಿಕೊಳ್ಳತೊಡಗಿದ. ಕಾಕಾ ಮನೆಯ ಎಮ್ಮೆ ನೋಡಿಕೊಂಡು ಉಳಿದರು. ಯಾರೂ ಅವರನ್ನು ಮಳೆ ಕೇಳಲಿಲ್ಲ. ನಾನು ಹಲಗೆಯ ಮೇಲೆ ಬರೆಯುವುದನ್ನು ಬಿಡಲಿಲ್ಲ. ಫೋನಿನಲ್ಲಿ ಬಂದದ್ದನ್ನು ಹಾಗೇ ಇಳಿಸುತ್ತಿದ್ದೆ. ಎಷ್ಟೋ ಸಲ ತಪ್ಪುತ್ತಿತ್ತು. "ಏನ ಮಾಡ್ತೀರಿ ಅಕ್ಕಾರ, ಈಗ ಹವಾಮಾನನ ಕೆಟ್ಟೈತಿ," ಎಂದು ಮಂದಿಯೇ ನನಗೆ ಸಮಾಧಾನ ಹೇಳುತ್ತಿದ್ದರು. ಹೌದ್ರಿ, ಎನ್ನುತ್ತಿದ್ದೆ.

ಒಮ್ಮೆ ಹಿಟ್ಟಿನ ಗಿರಣಿಯಲ್ಲಿ ಕಲ್ಲವ್ವ ನನ್ನ ಮುಂದೆಯೇ ಪಾಳಿಯಲ್ಲಿ ನಿಂತಿದ್ದಳು. ಯಾರೋ ಕಾಕಾನ ಆರೋಗ್ಯ ಕೇಳಿದರು. "ಅವಗೇನಾಗತೈತಿ? ಹದಿನೇಳು ಕುರಿ ನುಂಗಿ ನೀರ ಕುಡದಾನ. ಮುಗಲ ನೋಡಾವ ಅಂತ ಮುಗಲ ನೋಡಾವ!" ಎಂದಳು. ಹೆಂಗಸರು ನಕ್ಕರು. ಅವಳು ನಗಲಿಲ್ಲ. ನನ್ನ ಜೋಳದ ಡಬ್ಬಿ ತನ್ನ ಡಬ್ಬಿಗಿಂತ ಮುಂದೆ ಸರಿಸಿ, "ನಿಮಗ ಸಾಲಿಗೆ ಹೊತ್ತಾಕ್ಕೈತಿ, ಮೊದಲ ಹಾಕಿಸಿಕೊಳ್ರಿ," ಎಂದಳು. ಹಾಕಿಸಿಕೊಂಡೆ.

ಈ ವರ್ಷ ಶಾಲೆಯ ಅಂಗಳದಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಯಂತ್ರ ಬಂತು. ಇನ್ನು ಎಂಟೂವರೆಗೆ ನಾನು ಬೇಕಾಗಿಲ್ಲ. ಹಳೆಯ ರಿಜಿಸ್ಟರುಗಳನ್ನು ಕಟ್ಟಿ ಒಳಗಿಡಿರಿ ಎಂದರು. ಕಟ್ಟುವ ಮೊದಲು ಹಾಳೆ ತಿರುವುತ್ತ ಕೂತೆ. ಆ ದಿನದ ಹಾಳೆ ಬಂತು. ರಬ್ಬರು ಉಜ್ಜಿದ ಜಾಗ ಹಾಳೆಯಲ್ಲಿ ತೆಳ್ಳಗಾಗಿ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಅಕ್ಷರ ಅಳಿಸಿದ್ದೆ, ಪೆನ್ಸಿಲು ಒತ್ತಿದ ಗುರುತು ಉಳಿದಿತ್ತು. ಲಕ್ಕಪ್ಪ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಕಾಕಾ ಎಮ್ಮೆಗೆ ಮೇವು ಹಾಕುತ್ತಿದ್ದರು. ಮಾಳಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಅವನು ಹೋದ ಮೇಲೆ ಹೇಳೋಣ ಎಂದುಕೊಂಡೆ. ಮತ್ತೆ ಅದೇ ಬುದ್ಧಿ. ಅವನ ಮುಂದೆಯೇ ಹೇಳಿದೆ. ಪೂರಾ ಹೇಳಿದೆ — ಮಾಸ್ತರರ ನಗೆಚಾಟಿಕೆ, ರಬ್ಬರು, ಎಲ್ಲ.

ಕಾಕಾ ಮೇವಿನ ಸಿವುಡು ಕೆಳಗಿಟ್ಟರು.

"ನೀ ಹೆದರಿದ್ದಿ, ಅದು ನನಗ ಅವತ್ತ ಗೊತ್ತಾತು ಯವ್ವಾ. ಮಂದಿ ಸಿಟ್ಟಿನ್ಯಾಗಿತ್ತು. ಈಗ ಇದನ್ನ ನಾ ತಗೊಂತೇನಿ, ನಾಕ ದಿನ ಹೋದ ಮ್ಯಾಲ ಆಕಿನ ಬಂದು ಖರೆ ಹೇಳತಾಳ ಅಂತ ಮಾಡಿದ್ನಿ." ಸಿವುಡಿನಿಂದ ಒಂದು ಹಿಡಿ ತೆಗೆದು ಎಮ್ಮೆಯ ಮುಂದೆ ಹಾಕಿ ಅಂದರು, "ಭಾಳ ದಿನ ದಾರಿ ನೋಡಿದ್ನಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ದಾರಿ ನೋಡಿದರಂತೆ! ನಾನು ಅಂದುಕೊಂಡಿದ್ದೆ, ನನ್ನ ತಪ್ಪು ಕಟ್ಟೆಯ ಮೇಲಿನ ಆ ಎರಡು ಶಬ್ದ ಎಂದು. ಅಲ್ಲ. ಅದನ್ನು ಅವರು ಅವತ್ತೇ ಹೊತ್ತುಕೊಂಡು ನನಗೆ ಬಿಡುಗಡೆ ಕೊಟ್ಟಿದ್ದರು, ಮರಳಿ ಬರುತ್ತೇನೆಂದು ನಂಬಿ. ನಾನು ಆ ಬಿಡುಗಡೆಯನ್ನೇ ತಿಂದು ಹನ್ನೊಂದು ವರ್ಷ ಬದುಕಿದೆ.

"ಮುಗಲ ನನಗ ಯಾವತ್ತೂ ಮೋಸಾ ಮಾಡ್ಲಿಲ್ಲ," ಎಂದರು, ನನಗಲ್ಲ, ಎಮ್ಮೆಗೆ ಹೇಳಿದ ಹಾಗೆ.

ಮಾಳಪ್ಪ ಕಪ್ಪು ಕೆಳಗಿಟ್ಟು ಎದ್ದು ನಿಂತಿದ್ದ. ನನ್ನನ್ನು ಹೊಡೆಯುತ್ತಾನೇನೋ ಅನಿಸಿತು. ಅವನು ನನ್ನ ಕಡೆ ನೋಡಲೇ ಇಲ್ಲ. "ಕಾಕಾ, ನಾ ನಿನಗ ಅವತ್ತ ಏನೇನ ಅಂದ್ನಿ..." ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಕುರಿ ಸತ್ತದ್ದ ಬಿಡ್ರಿ ಅಕ್ಕಾರ, ಕುರಿ ಮತ್ತ ಹುಟ್ಟಿದ್ವು. ನನ್ನ ಕೈಲೆ ಅವಮಾನ ಮಾಡಿಸಿದ್ರಲ್ಲ, ಇವಂಗ... ನನ್ನ ಕೈಲೆ." ಹೊರಗೆ ಹೋದ.

"ಇಲ್ಲಿ ಹೇಳಿದ್ದು ಸಾಕಾಗೂದಿಲ್ಲ," ಎಂದರು ಕಾಕಾ. "ಎಲ್ಲೆ ಹೇಳಿದ್ದಿ, ಅಲ್ಲೆ ಹೇಳ."

ದೀಪಾವಳಿ ಆದ ಮೇಲೆ ಉಣ್ಣೆ ಕತ್ತರಿಸುವ ದಿನ ಗೊತ್ತುಮಾಡಲು ಅದೇ ಕಟ್ಟೆಯ ಮೇಲೆ ಮಂದಿ ಸೇರಿದ್ದರು. ಹೋಗಿ ನಿಂತು ಹೇಳಿದೆ. ಕಾಕಾ ಬಂದಿರಲಿಲ್ಲ. ಹಿಂದೆ ಕೂತಿದ್ದ ಒಬ್ಬಳು ಮುದುಕಿ ಕೇಳಿದಳು, "ಹನ್ನೊಂದ ವರ್ಷ ಬಾಯಾಗ ಏನ ಇಟಗೊಂಡಿದ್ರಿ ಅಕ್ಕಾರ? ಈಗ್ಯಾಕ ಹೇಳಾಕ ಬಂದೀರಿ? ಮಶೀನ್ ಬಂತು, ಇನ್ನ ಹೋಗೂದು ಏನೂ ಉಳದಿಲ್ಲ ಅಂತನ?"

ಅವಳು ಕೇಳಿದ್ದು ಸರಿಯೇ ಇರಬೇಕು.

ಹಲಗೆಯನ್ನು ಇಳಿಸಿಬಿಟ್ಟರು. ಯಾರೂ ಜಗಳಾಡಲಿಲ್ಲ, ಎದುರಿಗೆ ಸಿಕ್ಕರೆ ಅತ್ತ ನೋಡಿಕೊಂಡು ಹೋಗುತ್ತಾರೆ. ಅಂದು ಕಟ್ಟೆಯ ಮೇಲಿದ್ದವರಲ್ಲಿ ಕೆಲವರು ಈಗ ಗೋಕಾಕದಲ್ಲಿ, ಮೂಡಲಗಿಯಲ್ಲಿ ಮಕ್ಕಳ ಜೊತೆಗಿದ್ದಾರೆ. ಅವರಿಗೂ ಮುಟ್ಟಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಲಕ್ಕಪ್ಪ ಕಾಕಾ ಮಳೆ ಎಂದೇ ಹೇಳಿದ್ದರು. ಒಣ ಹವೆ ಎಂದವಳು ನಾನು.

ಆದರೆ ಒಬ್ಬಳಿಗೆ ಮುಟ್ಟುವುದಿಲ್ಲ. ಕಲ್ಲವ್ವ ತೀರಿಕೊಂಡು ನಾಲ್ಕು ವರ್ಷ. ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ನೋಡಲು ಹೋಗಿದ್ದೆ. ಕಾಕಾ ಔಷಧಿ ತರಲು ಹತ್ತರಗಿಗೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ನೀರು ಕುಡಿಸಿದೆ, ಕೂದಲು ಬಾಚಿದೆ. ಗಂಡನ ಮಾತು ತೆಗೆದು, "ಭಾಳ ಅಂದೇನ್ರಿ ಅವಂಗ. ಆದ್ರ ಆ ಕುರಿ ನೆನಪಾದ್ರ ಮತ್ತ ಅಂತೇನಿ," ಎಂದಳು. ಆಮೇಲೆ ಕಿಟಕಿಯ ಕಡೆ ನೋಡಿ ಕೇಳಿದಳು, "ಅಕ್ಕಾರ, ಈ ಸಲ ಮಳಿ ಹ್ಯಾಂಗ ಐತಿ?"

ಹತ್ತಿರದಲ್ಲಿ ಯಾರೂ ಇರಲಿಲ್ಲ. ಖರೆ ಹೇಳಲು ಹೊತ್ತು ಬೇಕಾದಷ್ಟಿತ್ತು.

ಮೃಗಶಿರಾ ಸ್ವಲ್ಪ ತಡ, ಆರಿದ್ರಾ ಚಲೋ ಆಗತೈತಿ ಅಂದೆ. ಅಂದು, ಎದ್ದು ಬಂದೆ.